ರಿವರ್ಸ್ ಬೀಳದ ಔಟ್‌ಬೋರ್ಡ್ ಮೋಟರ್: ಮೂರು ವಾರದ ಕೆಲಸ

ಮೊದಲ ವಾರ

ದೋಣಿಯ ಹಿಂಬದಿಗೆ ಕಟ್ಟಿರುವ ಔಟ್‌ಬೋರ್ಡ್ ಮೋಟರನ್ನು ರಿವರ್ಸ್‌ಗೆ ಹಾಕಿದರೆ ಕರಕರ ಸದ್ದು. ಹೇಗೋ ಬಿತ್ತು ಅಂದುಕೊಂಡು ಸ್ವಲ್ಪ ಥ್ರಾಟಲ್ ಕೊಟ್ಟರೆ ಗೇರ್ ಬಿಟ್ಟುಕೊಳ್ಳುತ್ತಿತ್ತು. ಫಾರ್ವರ್ಡ್ ಸರಿಯಾಗಿತ್ತು, ಲಿವರ್ ಮಾತ್ರ ದಿನದಿಂದ ದಿನಕ್ಕೆ ಬಿಗಿ. ದಡಕ್ಕೆ ಬರುವಾಗ ದೋಣಿಯ ಬ್ರೇಕ್ ಅಂದರೆ ರಿವರ್ಸ್ ಗೇರೇ. ಅದನ್ನು ನಂಬಲಾಗದೆ ದೋಣಿಯನ್ನು ಮೇಲೆಳೆದು ನಿಲ್ಲಿಸಿದೆ.

ಮೊದಲು ಬಂದ ಭಯ ಡಾಗ್ ಕ್ಲಚ್ ಬಗ್ಗೆ. ಕೆಳಗಿನ ಗೇರ್‌ಕೇಸ್‌ನಲ್ಲಿ ಪಿನಿಯನ್ (ಎಂಜಿನ್‌ನಿಂದ ಇಳಿಯುವ ಶಾಫ್ಟ್ ತುದಿಯ ಚಿಕ್ಕ ಗೇರ್) ಎರಡು ಗೇರ್‌ಗಳನ್ನು ಯಾವಾಗಲೂ ಎದುರುಬದುರು ದಿಕ್ಕಿಗೆ ತಿರುಗಿಸುತ್ತಿರುತ್ತೆ. ನಡುವೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಹಿಂದೆ ಮುಂದೆ ಜಾರುವುದೇ ಡಾಗ್ ಕ್ಲಚ್. ಅದರ ಹಲ್ಲು ಯಾವ ಗೇರನ್ನು ಕಚ್ಚುತ್ತೋ ಪ್ರೊಪೆಲ್ಲರ್ ಆ ಕಡೆ ತಿರುಗುತ್ತೆ. ಹಲ್ಲಿನ ಮೂಲೆ ಸವೆದು ದುಂಡಗಾದರೆ ಲೋಡ್ ಬಿದ್ದಾಗ ಜಾರಿ ಹೊರಬರುತ್ತೆ. ನನ್ನ ಮೋಟರ್‌ನಲ್ಲೂ ಆಗುತ್ತಿದ್ದದ್ದು ಅದೇ ಅಲ್ವಾ? ಆದರೆ ಹಲ್ಲು ಚೆನ್ನಾಗಿದ್ದು, ಪೂರ್ತಿ ಒಳಗೆ ಹೋಗದಿದ್ದರೂ ಹೀಗೇ ಆಗುತ್ತೆ. ಆದ್ದರಿಂದ ಗೇರ್‌ಕೇಸ್ ಬಿಚ್ಚುವ ಮೊದಲು ಆಯಿಲ್ ನೋಡೋಣ ಅನ್ನಿಸಿತು.

ಕೆಳಗಿನ ಸ್ಕ್ರೂ, ಆಮೇಲೆ ಮೇಲಿನದು ತೆಗೆದು ಆಯಿಲ್ ಇಳಿಸಿದೆ. ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಅಂದರೆ ಸೀಲ್‌ಗಳಿಂದ ನೀರು ಒಳಗೆ ಹೋಗಿಲ್ಲ. ಸ್ಕ್ರೂನ ಮ್ಯಾಗ್ನೆಟ್ ಮೇಲೆ ನುಣ್ಣನೆಯ ಕಪ್ಪು ಪೇಸ್ಟ್ ಇತ್ತು, ಲೋಹದ ಚೂರು ಒಂದೂ ಇರಲಿಲ್ಲ. ಅರ್ಧ ಭಯ ಅಲ್ಲೇ ಹೋಯಿತು. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಿ, ಎರಡು ಸ್ಕ್ರೂಗಳಿಗೂ ಹೊಸ ವಾಷರ್ ಹಾಕಿದೆ.

ಎರಡನೇ ವಾರ

ಈ ವಾರ ಮಾಡಿದ್ದು ಒಂದೇ ಕೆಲಸ. ಆದರೆ ಎಲ್ಲಾ ಗೊತ್ತಾಗಿದ್ದು ಅದರಿಂದಲೇ. ಕೀ ತೆಗೆದು, ಸ್ಪಾರ್ಕ್ ಪ್ಲಗ್ ವೈರ್‌ಗಳನ್ನು ಕಳಚಿದೆ. ಪ್ರೊಪೆಲ್ಲರ್ ಮುಟ್ಟುವಾಗ ಇದನ್ನು ಮರೆಯಲೇಬಾರದು. ಆಮೇಲೆ ಗೇರ್ ಕೇಬಲನ್ನು ಎಂಜಿನ್ ಕಡೆಯಿಂದ ಬಿಡಿಸಿ, ಆ ಕೇಬಲ್ ಎಳೆಯುವ ಶಿಫ್ಟ್ ಆರ್ಮನ್ನು (ಗೇರ್ ಬದಲಿಸುವ ತೋಳು) ಕೈಯಿಂದಲೇ ತಳ್ಳಿದೆ. ಇನ್ನೊಂದು ಕೈಯಲ್ಲಿ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುತ್ತಿದ್ದೆ. ನಿಂತ ಮೋಟರ್‌ನಲ್ಲಿ ಸುಮ್ನೆ ತಳ್ಳಿದರೆ ಹಲ್ಲಿಗೆ ಹಲ್ಲು ತಾಗಿ ನಿಂತುಬಿಡುತ್ತೆ.

ಟಕ್ ಅಂತ ಫಾರ್ವರ್ಡ್. ಟಕ್ ಅಂತ ರಿವರ್ಸ್, ಪ್ರೊಪೆಲ್ಲರ್ ಎರಡೂ ಕಡೆ ಗಟ್ಟಿಯಾಗಿ ಲಾಕ್. ಎಷ್ಟು ಖುಷಿಯಾಯಿತು! (ಕೆಲವು ಮೋಟರ್‌ಗಳಲ್ಲಿ ಫಾರ್ವರ್ಡ್ ಹಾಕಿದಾಗ ಪ್ರೊಪೆಲ್ಲರ್ ಒಂದು ಕಡೆಗೆ ಟಿಕ್ ಟಿಕ್ ಅಂತ ತಿರುಗುತ್ತೆ. ಅದು ದೋಷ ಅಲ್ಲ.)

ಇನ್ನು ಉಳಿದಿದ್ದು ಕೇಬಲ್ ಮತ್ತು ಲಿವರ್ ಇರುವ ಕಂಟ್ರೋಲ್ ಬಾಕ್ಸ್. ಆರ್ಮ್ ರಿವರ್ಸ್‌ಗೆ ಪೂರ್ತಿ ಹೋಗಿ ನಿಲ್ಲುವ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆದೆ. ಕೇಬಲ್ ಮತ್ತೆ ಜೋಡಿಸಿ ಲಿವರ್ ಎಳೆದರೆ ಆರ್ಮ್ ಆ ಗೆರೆಗಿಂತ 9 ಮಿ.ಮೀ. ಹಿಂದೆಯೇ ನಿಂತಿತು! ಕೇಬಲನ್ನು ಬಾಕ್ಸ್ ಕಡೆಯಿಂದಲೂ ಬಿಡಿಸಿದೆ. ಬಾಕ್ಸ್‌ನ ಲಿವರ್ ಹಗುರವಾಗಿ ಆಡುತ್ತಿತ್ತು, ಕೇಬಲ್ ಮಾತ್ರ ಕೈಗೆ ಜಗ್ಗುತ್ತಿರಲಿಲ್ಲ. ತಿರುವಿನಲ್ಲಿ ಅದರ ಹೊರ ಕವಚ ಬಿರುಕು ಬಿಟ್ಟು ಒಳಗೆಲ್ಲ ತುಕ್ಕು. ಗ್ರೀಸ್ ಹಾಕಿ ಇನ್ನೊಂದಿಷ್ಟು ದಿನ ತಳ್ಳಬಹುದಿತ್ತೇನೋ. ಆದರೆ ತುಕ್ಕು ಹಿಡಿದ ಕೇಬಲ್ ಮತ್ತೆ ಹಿಡಿದುಕೊಳ್ಳುತ್ತೆ. ಬದಲಾಯಿಸೋದೇ ಸರಿ.

ಮೂರನೇ ವಾರ

ಹೊಸ ಕೇಬಲನ್ನು ಹಳೆಯದರ ದಾರಿಯಲ್ಲಿ ಹಾಕಲಿಲ್ಲ. ತಿರುವು ದೊಡ್ಡದಾಗುವಂತೆ ಬೇರೆ ದಾರಿ ಮಾಡಿದೆ. ಆಮೇಲೆ ಹೊಂದಿಸುವ ಕೆಲಸ. ಲಿವರ್ ನ್ಯೂಟ್ರಲ್‌ನಲ್ಲಿ, ಆರ್ಮ್ ನ್ಯೂಟ್ರಲ್‌ನ ಸರಿ ನಡುವೆ. ಕೇಬಲ್ ತುದಿಯ ತೂತು ಪಿನ್ ಮೇಲೆ ಬಲ ಹಾಕದೆ ಕೂರುವ ತನಕ ತುದಿಯನ್ನು ತಿರುಗಿಸುತ್ತಾ ಹೋದೆ. ಅರ್ಧ ಸುತ್ತು ಜಾಸ್ತಿಯಾದರೂ ಗೊತ್ತಾಗುತ್ತೆ. ಇಲ್ಲಿ ಅವಸರ ಮಾಡಬೇಡಿ.

ಐಡಲ್, ಅಂದರೆ ಥ್ರಾಟಲ್ ಕೊಡದಿದ್ದಾಗ ಎಂಜಿನ್ ತಿರುಗುವ ವೇಗ, ಸುಮಾರು 1100 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಇತ್ತು. ಮ್ಯಾನುಯಲ್‌ನಲ್ಲಿ ಕೊಟ್ಟ ಮಟ್ಟಕ್ಕೆ, 800ಕ್ಕೆ ಇಳಿಸಿದೆ. ಗೇರ್ ಹಾಕುವಾಗ ಬರುತ್ತಿದ್ದ ಧಡ್ ಸದ್ದು ಅದರಿಂದಲೇ ಕಡಿಮೆಯಾಯಿತು.

ನಿನ್ನೆ ನೀರಿಗೆ ಇಳಿಸಿದೆ. ರಿವರ್ಸ್ ಇಪ್ಪತ್ತು ಸಲ ಹಾಕಿದೆ, ಒಂದು ಸಲವೂ ಬಿಟ್ಟುಕೊಳ್ಳಲಿಲ್ಲ. ಒಂದು ಅಭ್ಯಾಸವನ್ನೂ ಬದಲಿಸಿದ್ದೇನೆ. ಮೊದಲು ಗೇರಿಗೆ ನೋವಾಗಬಾರದು ಅಂತ ಲಿವರನ್ನು ಮೆಲ್ಲಗೆ ತಳ್ಳುತ್ತಿದ್ದೆ. ಮೆಲ್ಲಗೆ ತಳ್ಳಿದಷ್ಟೂ ಹಲ್ಲುಗಳು ತುದಿಯಲ್ಲೇ ಉಜ್ಜಿ ಸವೆಯುತ್ತವೆ. ಈಗ ಐಡಲ್‌ಗೆ ಬಂದ ಮೇಲೆ ಒಂದೇ ಏಟಿಗೆ ಹಾಕುತ್ತೇನೆ.

ಅರೆಬರೆ ಕಚ್ಚಿಕೊಂಡು ಓಡಿದ ದಿನಗಳಲ್ಲಿ ಹಲ್ಲಿನ ಮೂಲೆ ಎಷ್ಟು ಸವೆದಿದೆಯೋ ಅನ್ನುವ ಚಿಂತೆ ಮಾತ್ರ ಇನ್ನೂ ಇದೆ. 10 ಗಂಟೆ ಓಡಿಸಿದ ಮೇಲೆ ಆ ಮ್ಯಾಗ್ನೆಟ್ ಸ್ಕ್ರೂವನ್ನು ಮತ್ತೆ ತೆಗೆದು ನೋಡುತ್ತೇನೆ.