ಚಿತ್ರ ಸೇವ್ ಆಗದಿದ್ದಾಗ ಮೊದಲು ಫೋಲ್ಡರನ್ನು ನೋಡಿ

ನಮ್ಮ ಫೋಟೋ ಎಡಿಟಿಂಗ್ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೊಣೆ ನನ್ನದು. ಅಲ್ಲಿ ಮತ್ತೆ ಮತ್ತೆ ಬರುವ ದೂರು ಒಂದೇ: ಚಿತ್ರ ತೆರೆದುಕೊಳ್ಳುತ್ತದೆ, ತಿದ್ದುವುದಕ್ಕೂ ಅಡ್ಡಿಯಿಲ್ಲ, ಆದರೆ ಸೇವ್ ಮಾಡಲು ಹೋದಾಗ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ಹೆಚ್ಚಿನವರು ಕೂಡಲೇ ಆ ಫೈಲಿನ ಪ್ರಾಪರ್ಟೀಸ್ ತೆರೆದು ರೀಡ್ ಓನ್ಲಿ (ಓದಲು ಮಾತ್ರ) ಗುರುತನ್ನು ತೆಗೆಯುತ್ತಾರೆ. ಡಿವಿಡಿಯಿಂದ ಕಾಪಿ ಮಾಡಿಕೊಂಡ ಹಳೆಯ ಚಿತ್ರಗಳಾದರೆ ಅಷ್ಟರಲ್ಲೇ ಸರಿಹೋಗುವುದುಂಟು. ಆದರೆ ನಾನು ಕಂಡ ಬಹುಪಾಲು ಸಂದರ್ಭಗಳಲ್ಲಿ ತೊಡಕು ಇದ್ದದ್ದು ಫೈಲಿನಲ್ಲಲ್ಲ, ಫೋಲ್ಡರಿನಲ್ಲಿ.

ಅನೇಕ ಎಡಿಟಿಂಗ್ ತಂತ್ರಾಂಶಗಳು ಹಳೆಯ ಫೈಲಿನ ಮೇಲೆ ನೇರವಾಗಿ ಬರೆಯದೆ, ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲೊಂದನ್ನು ಸೃಷ್ಟಿಸಿ, ಅದು ಪೂರ್ಣವಾದ ಮೇಲೆ ಹಳೆಯದರ ಜಾಗದಲ್ಲಿ ಇರಿಸುತ್ತವೆ. ನಡುವೆ ವಿದ್ಯುತ್ ಹೋದರೂ ಮೂಲ ಚಿತ್ರ ಉಳಿಯಲೆಂಬುದೇ ಇದರ ಉದ್ದೇಶ. ರಾ ಚಿತ್ರಗಳ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಚಿತ್ರಗಳ) ತಿದ್ದುಪಡಿಯನ್ನು ಪಕ್ಕದ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುವಾಗಲೂ ಅಷ್ಟೇ, ಫೋಲ್ಡರಿನಲ್ಲಿ ಹೊಸ ಫೈಲ್ ಸೃಷ್ಟಿಸುವ ಹಕ್ಕು ಬೇಕೇ ಬೇಕು.

ಹಳೆಯ ಕಂಪ್ಯೂಟರಿನಿಂದ ತೆಗೆದ ಡಿಸ್ಕ್ ಜೋಡಿಸಿದಾಗ ಈ ಹಕ್ಕು ತಪ್ಪಿಹೋಗುವುದು ಸಾಮಾನ್ಯ. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ವಿಧಾನ) ಡಿಸ್ಕ್ ಫೈಲುಗಳ ಮಾಲೀಕರನ್ನು ಹೆಸರಿನಿಂದಲ್ಲ, ಗುರುತುಸಂಖ್ಯೆಯಿಂದ ನೆನಪಿಡುತ್ತದೆ; ಆದ್ದರಿಂದ ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಖಾತೆಯಿದ್ದರೂ ಅದು ಬೇರೆಯವರ ಖಾತೆಯೆಂದೇ ಲೆಕ್ಕ. ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಸೆಕ್ಯುರಿಟಿ ಪುಟದಲ್ಲಿ ಹೆಸರಿನ ಬದಲು ಎಸ್-1-5 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆ ಕಂಡರೆ ಕಾರಣ ಇದೇ ಇರಬಹುದು. ಆಗ ಅಡ್ವಾನ್ಸ್ಡ್ ವಿಭಾಗದಲ್ಲಿ ಚಿತ್ರಗಳಿರುವ ಫೋಲ್ಡರಿನ ಮಾಲೀಕತ್ವವನ್ನು ಒಳಗಿನ ಫೈಲುಗಳಿಗೂ ಅನ್ವಯಿಸುವಂತೆ ಬದಲಿಸಿ, ನಿಮ್ಮ ಖಾತೆಗೆ ಬರೆಯುವ ಅನುಮತಿ ಕೊಡಬೇಕು. ಇದನ್ನು ಇಡೀ ಸಿ ಡ್ರೈವಿಗೆ ಮಾತ್ರ ಎಂದೂ ಮಾಡಬಾರದು, ಏಕೆಂದರೆ ವಿಂಡೋಸ್‌ನ ಸ್ವಂತ ಫೈಲುಗಳ ರಕ್ಷಣೆಯೂ ಅದರೊಂದಿಗೆ ಕಳಚಿಹೋಗುತ್ತದೆ.

ಅದೇ ಫೋಲ್ಡರಿನಲ್ಲಿ ನೋಟ್‌ಪ್ಯಾಡ್ ಸೇವ್ ಮಾಡುತ್ತದೆ, ಎಡಿಟರ್ ಮಾತ್ರ ಮಾಡುವುದಿಲ್ಲ ಎಂದಾದರೆ ಅನುಮತಿಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ವಿಂಡೋಸ್ 10ರಲ್ಲಿ 2017ರಿಂದ ಇರುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ರಕ್ಷಣೆಯನ್ನು ಯಾರಾದರೂ ಚಾಲೂ ಮಾಡಿದ್ದರೆ, ಅದು ತನಗೆ ಪರಿಚಯವಿಲ್ಲದ ತಂತ್ರಾಂಶಗಳನ್ನು ಪಿಕ್ಚರ್ಸ್ ಫೋಲ್ಡರಿನಲ್ಲಿ ಬರೆಯದಂತೆ ತಡೆಯುತ್ತದೆ. ನಿಮ್ಮ ಎಡಿಟರನ್ನು ಅದರ ಅನುಮತಿ ಪಟ್ಟಿಗೆ ಸೇರಿಸಿದರೆ ಸಾಕು, ರಕ್ಷಣೆಯನ್ನು ಆಫ್ ಮಾಡಬೇಕಿಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದೀಚೆಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳಿಗೂ ಪ್ರತ್ಯೇಕ ಒಪ್ಪಿಗೆ ಬೇಕು. ಒಮ್ಮೆ ಬೇಡವೆಂದು ಒತ್ತಿದ್ದರೆ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಹೋಗಿ ಬದಲಿಸಬೇಕಾಗುತ್ತದೆ.

ಎಡಿಟರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಲಿನಕ್ಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಹಕ್ಕು ಕೊಡುವ ಸುಡೋ ಆದೇಶ ಬಳಸಿ ಎಡಿಟರ್ ತೆರೆದರೆ ಹೊಸದಾಗಿ ಸೇವ್ ಆದ ಚಿತ್ರಗಳು ರೂಟ್ ಎಂಬ ಅಡ್ಮಿನಿಸ್ಟ್ರೇಟರ್ ಖಾತೆಯ ಪಾಲಾಗುತ್ತವೆ, ಮರುದಿನ ಸಾಮಾನ್ಯ ಖಾತೆಯಿಂದ ಅವುಗಳನ್ನು ತಿದ್ದಲು ಕುಳಿತವರಿಗೆ ಅದೇ ಸಂದೇಶ ಎದುರಾಗುತ್ತದೆ, ಮತ್ತು ಆ ಚಿತ್ರಗಳನ್ನು ಮಾಲೀಕರನ್ನು ಬದಲಿಸುವ ಚೌನ್ (chown) ಆದೇಶದಿಂದ ಮರಳಿ ಅವರ ಹೆಸರಿಗೆ ಮಾಡಿಕೊಡಬೇಕಾಗುತ್ತದೆ.