ಭಾವನೆ ಏರುವ, ಪರಿಸ್ಥಿತಿ ಕೆಡುವ ಇಂಗ್ಲಿಷ್ ಪದಗಳು: ನನ್ನ ಪದಪಟ್ಟಿ ಎಲ್ಲಿಗೆ ಬಂತು

ಪದಪಟ್ಟಿಯ ಕೆಲಸ ಈಚೆಗೆ ಚೆನ್ನಾಗಿ ಮುಂದೆ ಹೋಗಿದೆ. ಹೊಸದಾಗಿ ಓದುವವರಿಗೆ ಚಿಕ್ಕ ಪರಿಚಯ: ಭಾವನೆ ಜಾಸ್ತಿಯಾಗುವುದು, ಪರಿಸ್ಥಿತಿ ಕೆಡುವುದು, ಈ ಎರಡನ್ನು ಹೇಳುವ ಇಂಗ್ಲಿಷ್ ಪದಗಳನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಕೂಡಿಹಾಕುತ್ತಿದ್ದೇನೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಉಪಯೋಗವಾಗಲಿ ಅಂತ. ನಿಘಂಟು ತೆಗೆದರೆ ಅರ್ಥ ಸಿಗುತ್ತದೆ. ಆದರೆ ಯಾವ ಪದ ಯಾವುದರ ಜೊತೆ ಕೂರುತ್ತದೆ, ಯಾವುದರ ಜೊತೆ ಕೂರುವುದಿಲ್ಲ ಅನ್ನುವುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಒಟ್ಟು ಮೂರು ಹಾಳೆ. ವಿಶೇಷಣ ಮುಗಿದಿದೆ, ಕ್ರಿಯಾಪದ ಮುಕ್ಕಾಲು ಆಗಿದೆ, ನುಡಿಗಟ್ಟು ಈಗಷ್ಟೇ ಶುರು.

ವಿಶೇಷಣಗಳ ಹಾಳೆ: ಮುಗಿದಿದೆ

ಇದು ಸುಲಭದ ಭಾಗ. ಆನಾಯ್ಡ್, ಆಂಗ್ರಿ, ಫ್ಯೂರಿಯಸ್. ಅನ್‌ಈಸಿ, ಸ್ಕೇರ್ಡ್, ಟೆರಿಫೈಡ್. ಒಂದರ ಮೇಲೊಂದು ಮೆಟ್ಟಿಲು ಜೋಡಿಸಿದರೆ ಆಯಿತು. ಇಲ್ಲಿ ನಾನು ಸೇರಿಸಿದ ಒಂದೇ ಹೊಸ ಕಾಲಂ ಅಂದರೆ 'ವೆರಿ ಹತ್ತುತ್ತಾ?'

ವೆರಿ ಆಂಗ್ರಿ ಸರಿ. ವೆರಿ ಫ್ಯೂರಿಯಸ್ ಅಂದರೆ ಕಿವಿಗೆ ಹಿಡಿಸುವುದಿಲ್ಲ. ಫ್ಯೂರಿಯಸ್ ಆಗಲೇ ಮೇಲಿನ ಮೆಟ್ಟಿಲಲ್ಲಿದೆ, ಅದನ್ನು ಇನ್ನೂ ಮೇಲಕ್ಕೆ ತಳ್ಳಲು ವೆರಿ ಸಾಲದು. ಅಬ್ಸಲ್ಯೂಟ್ಲಿ ಫ್ಯೂರಿಯಸ್ ಅನ್ನಬೇಕು. ಟೆರಿಫೈಡ್, ಡೆವಸ್ಟೇಟೆಡ್, ಎಕ್ಸಾಸ್ಟೆಡ್ ಎಲ್ಲಕ್ಕೂ ಇದೇ ಮಾತು. ಅಬ್ಸಲ್ಯೂಟ್ಲಿ ಆಂಗ್ರಿ ಅಂದರೂ ಸರಿ ಬರುವುದಿಲ್ಲ. ಯಾವುದು ಅಂತ ಗೊತ್ತಾಗದಿದ್ದರೆ ರಿಯಲಿ ಹಾಕಿಬಿಡಿ, ಅದು ಎರಡು ಕಡೆಯೂ ನಡೆಯುತ್ತದೆ.

ಮೆಟ್ಟಿಲಿಗೆ ನಂಬರ್ ಹಾಕಿ ಅಂತ ಕೆಲವರು ಕೇಳಿದ್ದರು. ಹಾಕುವುದಿಲ್ಲ. ಫ್ಯೂರಿಯಸ್ ದೊಡ್ಡದಾ, ಲಿವಿಡ್ ದೊಡ್ಡದಾ ಅಂತ ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಇಬ್ಬರನ್ನು ಕೇಳಿದರೂ ಜಗಳ ಬರುತ್ತದೆ. ಕೆಳಗೆ, ನಡುವೆ, ಮೇಲೆ, ಇಷ್ಟು ಸಾಕು. ಅಂದಹಾಗೆ ಲಿವಿಡ್ ಮೂಲದಲ್ಲಿ ಬಣ್ಣದ ಹೆಸರು. ಪೆಟ್ಟು ಬಿದ್ದ ಜಾಗ ನೀಲಿಗಟ್ಟುತ್ತದಲ್ಲ, ಆ ಬಣ್ಣ.

ಕ್ರಿಯಾಪದಗಳ ಹಾಳೆ: ನಡೆಯುತ್ತಿದೆ

ಇಲ್ಲಿ ಮೆಟ್ಟಿಲು ಉಪಯೋಗಕ್ಕೆ ಬರುವುದಿಲ್ಲ. ಡಿಟೀರಿಯರೇಟ್ ಜಾಸ್ತಿನಾ ವರ್ಸನ್ ಜಾಸ್ತಿನಾ ಅಂತ ಕೇಳಿದರೆ ಉತ್ತರವೇ ಇಲ್ಲ. ಕೇಳಬೇಕಾದ ಮೊದಲ ಪ್ರಶ್ನೆ, ಅದು ತಾನಾಗಿ ಕೆಟ್ಟಿತಾ, ಯಾರಾದರೂ ಕೆಡಿಸಿದರಾ ಅಂತ. ಇದು ನಮಗೆ ಹೊಸದಲ್ಲ. ಕೆಡು, ಕೆಡಿಸು. ಹೆಚ್ಚು, ಹೆಚ್ಚಿಸು. ಕನ್ನಡ ಆ ವ್ಯತ್ಯಾಸವನ್ನು ಪದದ ಬಾಲದಲ್ಲೇ ತೋರಿಸುತ್ತದೆ. ಇಂಗ್ಲಿಷ್ ಹೊರಗೆ ಏನನ್ನೂ ತೋರಿಸುವುದಿಲ್ಲ. ಪದದಿಂದ ಪದಕ್ಕೆ ನೆನಪಿಟ್ಟುಕೊಳ್ಳಬೇಕು.

ಹಾಗಾಗಿ ಹಾಳೆಯನ್ನು ಮೂರು ಗುಂಪು ಮಾಡಿದ್ದೇನೆ. ಡಿಟೀರಿಯರೇಟ್ 'ಕೆಡು' ಗುಂಪು. ಆರೋಗ್ಯ, ಹವಾಮಾನ, ಸಂಬಂಧ ತಾವಾಗಿಯೇ ಡಿಟೀರಿಯರೇಟ್ ಆಗುತ್ತವೆ. ಎಕ್ಸಾಸರ್ಬೇಟ್, ಅಗ್ರವೇಟ್ 'ಕೆಡಿಸು' ಗುಂಪು. 'ದಿ ಪ್ರಾಬ್ಲಮ್ ಎಕ್ಸಾಸರ್ಬೇಟೆಡ್' ಅಂತ ನಿಲ್ಲಿಸುವ ಹಾಗಿಲ್ಲ. ಯಾವುದೋ ಒಂದು ಬಂದು ಪ್ರಾಬ್ಲಮ್ಮನ್ನು ಎಕ್ಸಾಸರ್ಬೇಟ್ ಮಾಡಬೇಕು. ವರ್ಸನ್, ಎಸ್ಕಲೇಟ್, ಇಂಟೆನ್ಸಿಫೈ, ಡೀಪನ್ ಎರಡಕ್ಕೂ ಬರುತ್ತವೆ. ಗೊತ್ತಾಗದಿದ್ದಾಗ ಕೈ ಹಿಡಿಯುವುದು ವರ್ಸನ್. ಸಾದಾ ಪದ, ಯಾವ ಕಡೆ ಇಟ್ಟರೂ ನಿಲ್ಲುತ್ತದೆ. ನನ್ನ ಕೇಳಿದರೆ ಎಕ್ಸಾಸರ್ಬೇಟ್ ಬರೆದ ಕಡೆಯಲ್ಲೆಲ್ಲ ಅರ್ಧ ಸಲ ಮೇಕ್ ವರ್ಸ್ ಅಂದರೇ ಚೆನ್ನಾಗಿರುತ್ತದೆ.

ಎಕ್ಸಾಸರ್ಬೇಟ್ ಪಕ್ಕದಲ್ಲೇ ಎಕ್ಸಾಸ್ಪರೇಟ್ ಕೂತಿದೆ. ನೋಡಲು ಅಣ್ಣತಮ್ಮಂದಿರ ಹಾಗೆ. ಮೊದಲನೆಯದು ಸಮಸ್ಯೆಗೆ, ಎರಡನೆಯದು ಮನುಷ್ಯರಿಗೆ. ಸಮಸ್ಯೆ ಬಿಗಡಾಯಿಸುತ್ತದೆ, ಮನುಷ್ಯ ರೋಸಿಹೋಗುತ್ತಾನೆ. ಲ್ಯಾಟಿನ್ನಿನಲ್ಲಿ ಒಂದರ ಬೇರು ಕಹಿ, ಒಗರು ಅನ್ನುವ ಪದ, ಇನ್ನೊಂದರ ಬೇರು ಒರಟು ಅನ್ನುವ ಪದ. ಅಗ್ರವೇಟ್‌ಗೆ ಮಾತ್ರ ಎರಡೂ ಕೆಲಸ ಇದೆ. ಅದರ ಬೇರು ಭಾರ. ಗಾಯವನ್ನೂ ಅಗ್ರವೇಟ್ ಮಾಡಬಹುದು, ಮನುಷ್ಯರನ್ನೂ ಮಾಡಬಹುದು. ಮನುಷ್ಯರ ವಿಷಯದಲ್ಲಿ ಬಳಸಬಾರದು ಅಂತ ಹಟ ಹಿಡಿಯುವ ಶುದ್ಧಿವಾದಿಗಳು ಇದ್ದಾರೆ. ಆದರೆ ಆ ಬಳಕೆ 17ನೇ ಶತಮಾನದಿಂದಲೂ ಇದೆ. ಅದಕ್ಕೇ 'ಮಾತಿನಲ್ಲಿ ಸರಿ, ಅರ್ಜಿಯಲ್ಲಿ ಬೇಡ' ಅಂತ ಟಿಪ್ಪಣಿ ಹಾಕಿ ಬಿಟ್ಟಿದ್ದೇನೆ.

ಎರಡನೇ ಪ್ರಶ್ನೆ: ಒಳ್ಳೆಯದಕ್ಕೂ ಬರುತ್ತಾ? ಈ ಕಾಲಂ ತುಂಬುವಾಗ ನನಗೆ ಖುಷಿ ಜಾಸ್ತಿ. ಮೌಂಟ್ ತಗೊಳ್ಳಿ. ಟೆನ್ಷನ್ ಮೌಂಟ್ ಆಗುತ್ತದೆ, ಸಾಲ ಮೌಂಟ್ ಆಗುತ್ತದೆ, ಎಕ್ಸೈಟ್‌ಮೆಂಟೂ ಮೌಂಟ್ ಆಗುತ್ತದೆ. ಫೆಸ್ಟರ್ ಹಾಗಲ್ಲ. ಅದು ಗಾಯ ಕೀವುಗಟ್ಟುವ ಪದ. ಮನಸ್ಸಿನಲ್ಲಿಟ್ಟುಕೊಂಡ ಅಸಮಾಧಾನ ಫೆಸ್ಟರ್ ಆಗುತ್ತದೆ, ಹಗೆ ಫೆಸ್ಟರ್ ಆಗುತ್ತದೆ. ಪ್ರೀತಿ ಯಾವತ್ತೂ ಆಗುವುದಿಲ್ಲ. ಪ್ರೀತಿ ಡೀಪನ್ ಆಗುತ್ತದೆ. ದುಃಖವೂ ಡೀಪನ್, ಬಿಕ್ಕಟ್ಟೂ ಡೀಪನ್. ಆದರೆ ಆತಂಕಕ್ಕೆ ಹೈಟನ್ ಕೂಡ ನಡೆಯುತ್ತದೆ. ಒಂದು ಆಳಕ್ಕೆ ಇಳಿಯುತ್ತದೆ, ಇನ್ನೊಂದು ಎತ್ತರಕ್ಕೆ ಏರುತ್ತದೆ, ಎರಡರ ಅರ್ಥವೂ ಜಾಸ್ತಿ ಆಯಿತು ಅಂತಲೇ. ನಾವೂ ಕೋಪವನ್ನು ನೆತ್ತಿಗೇರಿಸುತ್ತೇವೆ, ದುಃಖದಲ್ಲಿ ಮುಳುಗುತ್ತೇವೆ. ಅಲ್ವಾ? ಅದಕ್ಕೇ ಈ ಜೋಡಿ ಕನ್ನಡಿಗರಿಗೆ ಬೇಗ ಕೈಗೆ ಸಿಗುತ್ತದೆ ಅಂತ ನನ್ನ ಅಂದಾಜು. ತಟ್ಟನೆ ಅಳು ಒತ್ತರಿಸಿ ಬಂದಾಗ ಮಾತ್ರ ಡೀಪನ್ ಬರೆಯಬೇಡಿ. ಡೀಪನ್ ನಿಧಾನದ ಪದ. ತಟ್ಟನೆ ಬರುವುದಕ್ಕೆ ವೆಲ್ ಅಪ್ ಇದೆ, ಸರ್ಜ್ ಇದೆ.

ಕಾಂಪೌಂಡ್ ಬಗ್ಗೆ ಒಂದು ಎಚ್ಚರಿಕೆ. ಇರುವ ಕಷ್ಟದ ಮೇಲೆ ಇನ್ನೊಂದು ಕಷ್ಟ ಕೂಡಿಕೊಂಡು ಬೆಳೆಯುವುದಕ್ಕೆ ಈಗ ಕಾಂಪೌಂಡ್ ಅನ್ನುತ್ತಾರೆ. ಚಕ್ರಬಡ್ಡಿಯನ್ನು ನೆನೆಸಿಕೊಂಡರೆ ಅರ್ಥ ಮನಸ್ಸಿನಲ್ಲಿ ಕೂರುತ್ತದೆ. ಆದರೆ ಕಾನೂನಿನ ಭಾಷೆಯಲ್ಲಿ ಕಾಂಪೌಂಡ್ ಅಂದರೆ ರಾಜಿ. ಕಾಂಪೌಂಡಬಲ್ ಅಫೆನ್ಸ್ ಅಂದರೆ ರಾಜಿ ಮಾಡಿಕೊಳ್ಳಬಹುದಾದ ಅಪರಾಧ, ದೊಡ್ಡದಾಗುವ ಅಪರಾಧ ಅಲ್ಲ. ಈ ಸಾಲನ್ನು ಕೆಂಪು ಬಣ್ಣದಲ್ಲಿ ಗುರುತು ಮಾಡಿದ್ದೇನೆ.

ಎನ್ ಬಾಲ

ಇದು ಪಟ್ಟಿಗೆ ಬೇಕೇ ಬೇಕು ಅಂತೇನಿಲ್ಲ. ಆದರೆ ಬಿಡಲು ಮನಸ್ಸಾಗಲಿಲ್ಲ. ಡೀಪನ್, ವರ್ಸನ್, ಶಾರ್ಪನ್, ಹಾರ್ಡನ್, ಸ್ಯಾಡನ್, ಮ್ಯಾಡನ್: ವಿಶೇಷಣಕ್ಕೆ 'ಎನ್' ಅಂಟಿಸಿದರೆ ಕ್ರಿಯಾಪದ ರೆಡಿ. ಹಾಗಾದರೆ ಕಾಮ್ (ಶಾಂತ), ಕೂಲ್, ಸ್ಲೋಗೆ ಅಂಟಿಸಿ ಕಾಮನ್, ಕೂಲನ್, ಸ್ಲೋವನ್ ಅಂತ ಯಾಕಿಲ್ಲ? ಕಾರಣ ಅರ್ಥದಲ್ಲಿಲ್ಲ, ದನಿಯಲ್ಲಿದೆ. ಪ, ಟ, ಡ, ಕ, ಫ, ಸ ತರಹ ಗಾಳಿಯನ್ನು ತಡೆಯುವ ಅಥವಾ ಉಜ್ಜುವ ದನಿಯಲ್ಲಿ ಮುಗಿಯುವ ಚಿಕ್ಕ ಪದಗಳಿಗೆ ಈ ಬಾಲ ಅಂಟುತ್ತದೆ. ಮ, ನ, ಲ, ರ ಅಥವಾ ಸ್ವರದಲ್ಲಿ ಮುಗಿದರೆ ಸಾಮಾನ್ಯವಾಗಿ ಅಂಟುವುದಿಲ್ಲ. ಕಾಮ್, ಕೂಲ್, ವಾರ್ಮ್, ಸ್ಲೋ, ಡಿಮ್ ಇವೆಲ್ಲ ಬಾಲವಿಲ್ಲದೆ ತಾವೇ ಕ್ರಿಯಾಪದ ಆಗಿಬಿಡುತ್ತವೆ.

ಈಗ ಹೈಟನ್ ನೋಡಿ. ಹೈ ಸ್ವರದಲ್ಲಿ ಮುಗಿಯುತ್ತದೆ, ಬಾಲ ಅಂಟುವುದಿಲ್ಲ. ಅದಕ್ಕೆ ಭಾಷೆ ಹೈಟ್ ಅನ್ನುವ ನಾಮಪದವನ್ನು ಹಿಡಿದು ಅದಕ್ಕೆ ಅಂಟಿಸಿಕೊಂಡಿದೆ. ಸ್ಟ್ರಾಂಗ್‌ಗೂ ಅದೇ ಪಾಡು, ಆದ್ದರಿಂದ ಸ್ಟ್ರೆಂತನ್. ಲಾಂಗ್‌ಗೆ ಲೆಂತನ್. ಇದು ತಿಳಿದ ಮೇಲೆ ಇವುಗಳನ್ನು ಬಾಯಿಪಾಠ ಮಾಡುವ ಕಷ್ಟ ಇಲ್ಲ.

ಎಸ್ಕಲೇಟ್: ಬೇರೆಯೇ ಟಿಪ್ಪಣಿ

ಈ ಪದ ಎಸ್ಕಲೇಟರಿನಿಂದ ಬಂದದ್ದು, ಎಸ್ಕಲೇಟರ್ ಈ ಪದದಿಂದ ಅಲ್ಲ. ಮೊದಲು ಹುಟ್ಟಿದ್ದು ಯಂತ್ರದ ಹೆಸರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಓಟಿಸ್ ಕಂಪನಿ ಅದನ್ನು ಜನರಿಗೆ ತೋರಿಸಿತು. ಆಗ ಅದು ಟ್ರೇಡ್‌ಮಾರ್ಕ್. 1950ರಲ್ಲಿ ಅಮೆರಿಕದಲ್ಲಿ ಆ ಹಕ್ಕು ಹೋಯಿತು, ಹೆಸರು ಎಲ್ಲರ ಬಾಯಿಮಾತು ಆಗಿಬಿಟ್ಟಿದೆ ಅನ್ನುವ ಕಾರಣಕ್ಕೆ. ಕ್ರಿಯಾಪದಕ್ಕೆ ಈಗಿನ ಅರ್ಥ ಗಟ್ಟಿಯಾದದ್ದು ಶೀತಲ ಸಮರದ ಹೊತ್ತಿನಲ್ಲಿ. ಚಿಕ್ಕ ಚಕಮಕಿ ಮೆಟ್ಟಿಲು ಮೆಟ್ಟಿಲಾಗಿ ಅಣುಯುದ್ಧದ ತನಕ ಏರಬಹುದು ಅನ್ನುವ ಭಯ ಇದ್ದ ಕಾಲ ಅದು.

ಈ ಹಿನ್ನೆಲೆ ಬಳಕೆಯಲ್ಲೂ ಕಾಣುತ್ತದೆ. ಎಸ್ಕಲೇಟ್‌ಗೆ ಎರಡು ಕಡೆಯ ಜಗ್ಗಾಟ ಇದ್ದರೆ ಚೆನ್ನ. ವಾದ, ಹಿಂಸೆ, ಗಲಾಟೆ, ಯುದ್ಧ ಎಸ್ಕಲೇಟ್ ಆಗುತ್ತವೆ. ಖರ್ಚು, ಬೆಲೆಗಳೂ ಆಗುತ್ತವೆ. ಒಬ್ಬನೇ ಕೂತು ಪಡುವ ದುಃಖ ಎಸ್ಕಲೇಟ್ ಆಯಿತು ಅಂತ ಬರೆದರೆ ಯಾಕೋ ಸರಿ ಅನ್ನಿಸುವುದಿಲ್ಲ. ಇನ್ನು ಆಫೀಸಿನ ಎಸ್ಕಲೇಟ್ ಬೇರೆಯೇ. ಅಲ್ಲಿ ಏನೂ ಕೆಡಬೇಕಾಗಿಲ್ಲ, ದೂರು ಮೇಲಿನವರ ಮೇಜಿಗೆ ಹೋದರೆ ಸಾಕು. ಕೆಲವೊಮ್ಮೆ ಆಮೇಲೇ ಕೆಡುವುದು, ಆ ಮಾತು ಬೇರೆ.

ಬಿರುಗಾಳಿಯ ಸುದ್ದಿಯಲ್ಲಿ ಇನ್ನೊಂದು ವಿಚಿತ್ರ ಸಿಕ್ಕಿತು. ಅಟ್ಲಾಂಟಿಕ್ ಕಡೆಯ ಬಿರುಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಅದು ಹರಿಕೇನ್. ಆಗ ಸುದ್ದಿಯವರು ಬಳಸುವ ಪದ ಅಪ್‌ಗ್ರೇಡ್. ಅಪಾಯ ಜಾಸ್ತಿಯಾದರೂ ಬಡ್ತಿ! ಆಸ್ಪತ್ರೆಯಲ್ಲಿ ರೋಗಿಯ ಸ್ಥಿತಿ ಅಪ್‌ಗ್ರೇಡ್ ಆಯಿತು ಅಂದರೆ ಅದು ಸಿಹಿಸುದ್ದಿ. ಒಂದೇ ಪದ, ಎರಡು ದಿಕ್ಕು. ಹವಾಮಾನದವರು ಇಂಟೆನ್ಸಿಫೈಗೂ ಅಳತೆ ಇಟ್ಟಿದ್ದಾರೆ. 24 ಗಂಟೆಯೊಳಗೆ ಗಾಳಿಯ ವೇಗ ಗಂಟೆಗೆ ಸುಮಾರು 55 ಕಿಲೋಮೀಟರಿನಷ್ಟು ಏರಿದರೆ ರ‍್ಯಾಪಿಡ್ ಇಂಟೆನ್ಸಿಫಿಕೇಷನ್ ಅನ್ನುತ್ತಾರೆ. ಕೋಪಕ್ಕೂ ಹೀಗೊಂದು ಅಳತೆ ಇದ್ದಿದ್ದರೆ ನನ್ನ ಮೆಟ್ಟಿಲಿಗೆ ನಂಬರ್ ಹಾಕಬಹುದಿತ್ತು.

ನುಡಿಗಟ್ಟುಗಳ ಹಾಳೆ: ಶುರುವಾಗಿದೆ

ಸದ್ಯಕ್ಕೆ ಬೆಂಕಿ ಮತ್ತು ಅಡುಗೆಯ ಪದಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಇದರಲ್ಲಿ ನಮ್ಮ ಕೈ ಮೇಲೆ. ಸ್ಮೋಲ್ಡರ್ ಅಂದರೆ ಬೂದಿ ಮುಚ್ಚಿದ ಕೆಂಡ, ಅಷ್ಟೇ, ಮುಂದೆ ವಿವರಣೆ ಬೇಡ. ಫ್ಲೇರ್ ಅಪ್ ಅಂದರೆ ಭುಗಿಲೇಳುವುದು. ಇದು ಕೋಪಕ್ಕೂ ಬರುತ್ತದೆ, ಆಗಾಗ ಕೆರಳುವ ಕೀಲುನೋವು, ಚರ್ಮರೋಗಕ್ಕೂ ಬರುತ್ತದೆ. ನಾವು ಬೆಂಕಿಗೆ ತುಪ್ಪ ಸುರಿಯುತ್ತೇವೆ, ಅವರು ಫ್ಯೂಯೆಲ್ ಹಾಕುತ್ತಾರೆ.

ಸಿಮ್ಮರ್, ಸೀದ್, ಬಾಯಿಲ್ ಓವರ್ ಮೂರೂ ಒಲೆಯ ಮೇಲಿನವು. ಸಿಮ್ಮರ್ ಸಣ್ಣ ಉರಿ: ಅಸಮಾಧಾನ ವರ್ಷಗಟ್ಟಲೆ ಸಿಮ್ಮರ್ ಆಗುತ್ತಾ ಇರಬಹುದು. ಸೀದ್ ಅಂದರೆ ಹೊರಗೆ ತೋರಿಸದೆ ಒಳಗೊಳಗೇ ಕುದಿಯುವುದು. ಹಳೆಯ ಇಂಗ್ಲಿಷಿನಲ್ಲಿ ಇದು ನಿಜವಾಗಿ ಬೇಯಿಸುವ ಪದವೇ ಆಗಿತ್ತು. ನೀರಿನಲ್ಲಿ ನೆನೆದು ತೊಪ್ಪೆಯಾದದ್ದಕ್ಕೆ ಹೇಳುವ ಸಾಡನ್ ಅದೇ ಪದದ ಹಳೆಯ ರೂಪ. ಬಾಯಿಲ್ ಓವರ್ ಅಂದರೆ ಉಕ್ಕಿ ಹೊರಗೆ ಚೆಲ್ಲಿತು, ಇನ್ನು ಮುಚ್ಚಿಡಲು ಆಗುವುದಿಲ್ಲ. ಸಿಮ್ಮರ್ ಆದದ್ದೆಲ್ಲ ಬಾಯಿಲ್ ಓವರ್ ಆಗಲೇಬೇಕು ಅಂತಿಲ್ಲ. ಕೋಪದ ಹೊತ್ತಿನ ವಾಕ್ಯ ಬರೆಯುವಾಗ ಈ ವ್ಯತ್ಯಾಸ ತುಂಬ ಕೆಲಸಕ್ಕೆ ಬರುತ್ತದೆ.

ಸ್ನೋಬಾಲ್, ಸ್ಪೈರಲ್ ಇನ್ನೂ ಬಾಕಿ. ಸ್ನೋಬಾಲ್ ಉರುಳುತ್ತಾ ದಪ್ಪವಾಗುವುದು, ಸ್ಪೈರಲ್ ಸುತ್ತುತ್ತಾ ಕೈಮೀರುವುದು. ಉದಾಹರಣೆ ವಾಕ್ಯಗಳನ್ನು ಇನ್ನೂ ಆರಿಸುತ್ತಿದ್ದೇನೆ.

ಮುಂದಿನ ಕೆಲಸ

ಪದಗಳನ್ನು ಅಕಾರಾದಿಯಾಗಿ ಇಡದೆ ಅರ್ಥದ ಮೇಲೆ ಇಡಬೇಕು ಅನ್ನುವುದಕ್ಕೆ ದಾರಿ ತೋರಿಸಿದವನು ಪೀಟರ್ ಮಾರ್ಕ್ ರೋಜೆ. ವೈದ್ಯ. 1852ರಲ್ಲಿ ಬಂದ ಅವನ ಥೆಸಾರಸ್‌ನಲ್ಲಿ 1000 ತಲೆಬರಹಗಳಿವೆ. ಅದನ್ನು ಮತ್ತೆ ತಿರುವಿ ಹಾಕಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಡಿಟೀರಿಯರೇಷನ್ ಒಂದು ವಿಭಾಗದಲ್ಲಿದೆ, ಅಗ್ರವೇಷನ್ ಭಾವನೆಗಳ ವಿಭಾಗದಲ್ಲಿದೆ. ಪರಿಸ್ಥಿತಿ ಕೆಡುವುದು ಬೇರೆ, ನೋವು ಹೆಚ್ಚುವುದು ಬೇರೆ ಅಂತ ಅವನು ಆಗಲೇ ಬೇಲಿ ಹಾಕಿದ್ದ. ಅಗ್ರವೇಷನ್ ಪಕ್ಕದಲ್ಲೇ ರಿಲೀಫ್ ಇಟ್ಟಿದ್ದಾನೆ.

ಈ ಪಕ್ಕಪಕ್ಕದ ಜೋಡಣೆಯನ್ನು ನಾನೂ ತೆಗೆದುಕೊಳ್ಳುತ್ತೇನೆ. ಪ್ರತಿ ಕ್ರಿಯಾಪದದ ಎದುರು ಅದು ಇಳಿಯುವಾಗ ಬಳಸುವ ಪದ ಬರಲಿದೆ. ಕೋಪ ಸಬ್‌ಸೈಡ್ ಆಗುತ್ತದೆ, ಟೆನ್ಷನ್ ಈಸ್ ಆಗುತ್ತದೆ, ಬಿರುಗಾಳಿ ಅಬೇಟ್ ಆಗುತ್ತದೆ, ಜಗಳವನ್ನು ಡೀ-ಎಸ್ಕಲೇಟ್ ಮಾಡುತ್ತಾರೆ. ಫೆಸ್ಟರ್ ಎದುರಿನ ಖಾನೆಗೆ ಸದ್ಯ ಹೀಲ್ ಅಂತ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಹೇಳಿ.