ವರದಿಯ ನಮೂನೆಗೆ ಹೊಂದದ ಯುವಕ

ಚರ್ಚಿನ ಯೌವನಸ್ಥರ ಸೇವೆಯಲ್ಲಿರುವ ನಮಗೆ ಕ್ಯಾಂಪಿನ ಕೊನೆಯ ರಾತ್ರಿಯೇ ಲೆಕ್ಕದ ರಾತ್ರಿ. ಯೇಸುವನ್ನು ಹಿಂಬಾಲಿಸುತ್ತೇನೆಂದು ಎಷ್ಟು ಮಂದಿ ಕೈ ಎತ್ತಿದರು, ಆ ನಿರ್ಧಾರವನ್ನು ಬರೆದುಕೊಡುವ ‘ತೀರ್ಮಾನ’ದ ಕಾರ್ಡುಗಳು ಎಷ್ಟು ತುಂಬಿ ಬಂದವು ಎಂಬುದು ಸಮಿತಿಗೆ ಹೋಗುವ ವರದಿಯ ಮೊದಲ ಕಲಂ. ಕೈ ಎತ್ತಿದವರಲ್ಲಿ ಯಾರು ಮರುವರ್ಷವೂ ಆರಾಧನೆಗೆ ಬರುತ್ತಿದ್ದಾರೆಂದು ಕೇಳುವ ಕಲಂ ಅದರಲ್ಲಿಲ್ಲ.

ಅಂಥದೊಂದು ರಾತ್ರಿ, ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ‘ಸಾಕ್ಷಿ’ಯಾಗಿ ಹೇಳುವ ಹೊತ್ತಿನಲ್ಲಿ, ಸಂಡೇ ಸ್ಕೂಲಿನಿಂದಲೂ ನಮ್ಮ ನಡುವೆಯೇ ಬೆಳೆದ ಯುವಕನೊಬ್ಬ ಮೈಕ್ ಹಿಡಿದು, “ಅಪ್ಪನಿಗಾಗಿ ನಾವೆಲ್ಲ ಉಪವಾಸವಿದ್ದು ಪ್ರಾರ್ಥಿಸಿದೆವು, ಅವರು ಉಳಿಯಲಿಲ್ಲ, ದೇವರು ಕೇಳಿಸಿಕೊಳ್ಳುತ್ತಾನೆಂದು ಈಗ ನನಗೆ ಅನಿಸುತ್ತಿಲ್ಲ” ಎಂದುಬಿಟ್ಟ. ಸಂಚಾಲಕರು ಬದಿಯಿಂದಲೇ ಕೀಬೋರ್ಡಿನವನಿಗೆ ಹಾಡು ಶುರುಮಾಡುವಂತೆ ಸನ್ನೆ ಮಾಡಿದರು. ಆತ ಒಂದು ಸ್ವರ ಒತ್ತಿ, ಹುಡುಗ ಮೈಕ್ ಇಳಿಸದೆ ನಿಂತಿರುವುದನ್ನು ಕಂಡು ಬೆರಳು ಹಿಂದೆಗೆದುಕೊಂಡ. ಮುಂದಿನ ಸಾಲಿನ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ನಾನು ಕೈಯಲ್ಲಿದ್ದ ಕಾರ್ಡುಗಳನ್ನು ಸುಮ್ಮನೆ ಸರಿಪಡಿಸುತ್ತಿದ್ದೆ.

ಕೊನೆಗೆ ಎದ್ದವರು ಸಹಾಯಕ್ಕೆಂದು ಬಂದಿದ್ದ ಸಭೆಯ ಹಿರಿಯ ತಾಯಿಯೊಬ್ಬರು. “ಮಗ ತೀರಿಕೊಂಡ ಮೇಲೆ ನನಗೂ ಬಹಳ ಕಾಲ ಪ್ರಾರ್ಥನೆ ಬರಲಿಲ್ಲಪ್ಪ. ಸಭೆಗೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದೆ. ನೀನೂ ಬಾ, ನನ್ನ ಪಕ್ಕದಲ್ಲೇ ಕೂತುಕೋ” ಎಂದರು.

ಇಂಥ ಮಾತು ಕೇಳಿ ಕಿರಿಯರು ನಂಬಿಕೆಯಲ್ಲಿ ಎಡವುತ್ತಾರೆಂಬುದು ಸಂಚಾಲಕರ ಆಕ್ಷೇಪ. ಆದರೆ ಬೈಬಲಿನ 88ನೆಯ ಕೀರ್ತನೆ ಯಾವ ಸಮಾಧಾನವನ್ನೂ ಹೇಳದೆ ಕತ್ತಲೆಯಲ್ಲೇ ಮುಗಿಯುತ್ತದೆ. ಯೇಸು ಸತ್ತು ಎದ್ದುಬಂದುದನ್ನು ನಂಬಲಾರೆನೆಂದ ಶಿಷ್ಯ ತೋಮನು ಎಂಟು ದಿನಗಳಾದ ಮೇಲೂ ಶಿಷ್ಯರ ನಡುವೆಯೇ ಇದ್ದನು, ಅವನನ್ನು ಯಾರೂ ಹೊರಗೆ ಕಳುಹಿಸಿರಲಿಲ್ಲ. ಅಪೊಸ್ತಲ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನ ನಂಬಿಕೆಯನ್ನು ನೆನೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಸುತ್ತಾನೆ. ನಾವಾದರೋ ಯೌವನಸ್ಥರಿಗೆ ಬೇರೆ ಕೋಣೆ, ಬೇರೆ ಹಾಡು, ಬೇರೆ ಸಮಯವೆಂದು ವಿಂಗಡಿಸಿ, ದುಃಖವನ್ನು ದಾಟಿಬಂದ ಹಿರಿಯರೊಬ್ಬರ ಪರಿಚಯವೂ ಆಗದಂತೆ ಅವರನ್ನು ಬೆಳೆಸಿ, ಕಾಲೇಜು ಮುಗಿಯುವಷ್ಟರಲ್ಲಿ ಎಲ್ಲಿ ಹೋದರೆಂದು ಹುಡುಕುತ್ತೇವೆ.

ಅವರಿಗೆ ಕೊಡುವ ಕೆಲಸವೂ ಅಷ್ಟಕ್ಕಷ್ಟೇ. 1881ರಲ್ಲಿ ಪಾದ್ರಿ ಫ್ರಾನ್ಸಿಸ್ ಕ್ಲಾರ್ಕ್ ಅಮೆರಿಕದಲ್ಲಿ ಚರ್ಚಿನ ಯುವಜನರಿಗಾಗಿ ಆರಂಭಿಸಿದ ಕ್ರಿಶ್ಚಿಯನ್ ಎಂಡೆವರ್ ಸಂಘದಲ್ಲಿ ಸಮಿತಿಗಳನ್ನು ನಡೆಸುವ ಹೊಣೆ ಯುವಜನರದೇ ಆಗಿತ್ತು. ನಮ್ಮಲ್ಲಿ ಕುರ್ಚಿ ಜೋಡಿಸುವುದಕ್ಕೆ ಮಾತ್ರ ಅವರ ನೆನಪಾಗುತ್ತದೆ. ಬಹಳ ವಾದಿಸಿದ ಮೇಲೆ ಆ ಯುವಕನಿಗೆ ರೋಗಿಗಳನ್ನು ಭೇಟಿ ಮಾಡುವ ತಂಡದಲ್ಲಿ, ಅದೇ ತಾಯಿಯ ಜೊತೆ, ಸ್ಥಾನ ಸಿಕ್ಕಿತು. ಅವನು ಈಗಲೂ ಬಹಿರಂಗವಾಗಿ ಪ್ರಾರ್ಥಿಸುವುದಿಲ್ಲ, ಆದರೆ ಭೇಟಿಯನ್ನು ತಪ್ಪಿಸುವುದಿಲ್ಲ. ವರದಿಯಲ್ಲಿ ಅವನ ಹೆಸರಿನ ಮುಂದೆ ‘ತೀರ್ಮಾನ’ದ ಕಲಂ ಅನ್ನು ಖಾಲಿ ಬಿಟ್ಟೆ, ಭರ್ತಿ ಮಾಡಿ ಕಳುಹಿಸಬೇಕೆಂದು ಕಚೇರಿಯವರು ನಮೂನೆಯನ್ನು ಹಿಂದಿರುಗಿಸಿದ್ದಾರೆ.